ಸೈಕಲ್‌ಗೆ ಮೋಟಾರ್ ಕಿಟ್: ಹುಬ್ಬಳ್ಳಿ-ಧಾರವಾಡದ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಕಿಟ್ ಕೊಳ್ಳುವ ಮುಂಚೆ, ಕೂಡಿಸುವಾಗ, ಕೂಡಿಸಿದ ಮೇಲೆ ನಮ್ಮ ಕಡೆಯ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ಮೋಟಾರಿನ ವ್ಯಾಟ್ ಹೆಚ್ಚಿಸಲು ಹಾಕುವ ದುಡ್ಡನ್ನು ಬ್ಯಾಟರಿಗೆ, ಬ್ರೇಕಿಗೆ ಹಾಕಿ. ಮುಂದಿನ ಬಹಳಷ್ಟು ಉತ್ತರಗಳು ಇಲ್ಲಿಂದಲೇ ಹುಟ್ಟಿವೆ.

ಯಾವ ಯಾವ ತರದ ಕಿಟ್ ಸಿಗುತ್ತವೆ?

ಮೂರು ತರ. ಒಂದು, ಗಾಲಿಯ ನಡುವೆ ಕೂರುವ ಹಬ್ ಮೋಟಾರ್. ಮುಂದಿನ ಗಾಲಿಗೂ ಬರುತ್ತದೆ, ಹಿಂದಿನ ಗಾಲಿಗೂ ಬರುತ್ತದೆ. ಎರಡನೆಯದು, ಹಿಂದಿನ ಗಾಲಿಯ ಹತ್ತಿರ ಫ್ರೇಮಿಗೆ ಬೋಲ್ಟ್ ಮಾಡಿ ಬೇರೆ ಚೈನ್ ಹಾಕುವ ಮೋಟಾರ್. ಇದು ಸಾಮಾನ್ಯವಾಗಿ 24 ವೋಲ್ಟ್, 250 ವ್ಯಾಟ್ ಇರುತ್ತದೆ, ಒಳಗೆ ಕಾರ್ಬನ್ ಬ್ರಷ್ ಇರುತ್ತದೆ. ಮೂರನೆಯದು ಪೆಡಲ್ ಹತ್ತಿರ ಕೂರುವ ಮಿಡ್ ಡ್ರೈವ್. ಏರಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ, ಆದರೆ ಬೆಲೆ ಜಾಸ್ತಿ, ಚೈನ್ ಬೇಗ ಸವೆಯುತ್ತದೆ.

ಹಬ್ ಮೋಟಾರಿನಲ್ಲೇ ಎರಡು ಜಾತಿ ಇವೆ. ಒಳಗೆ ಗೇರ್ ಇರುವುದು ಹಗುರ. ಮೋಟಾರ್ ಬಂದ್ ಮಾಡಿ ತುಳಿದರೆ ಗಾಲಿ ಸಲೀಸಾಗಿ ತಿರುಗುತ್ತದೆ. ಗೇರ್ ಇಲ್ಲದ ಡೈರೆಕ್ಟ್ ಡ್ರೈವ್ ಭಾರ. ಬ್ಯಾಟರಿ ಖಾಲಿಯಾದ ದಿನ ತುಳಿದರೆ ಹಿಂದಿನಿಂದ ಯಾರೋ ಹಿಡಿದು ಎಳೆದಂತಾಗುತ್ತದೆ. ನಮ್ಮ ಊರಿನ ಓಡಾಟಕ್ಕೆ ಗೇರ್ ಇರುವ 36 ವೋಲ್ಟ್ ಹಬ್ ಸಾಕು.

ಮನೆಯಲ್ಲಿ ಅಪ್ಪನ ಕಾಲದ ಕರಿ ಸೈಕಲ್ ಇದೆ. ಅದಕ್ಕೆ ಹಬ್ ಮೋಟಾರ್ ಕೂಡುತ್ತದೆಯೇ?

ಜಾಸ್ತಿ ಜನ ಕೇಳುವ ಪ್ರಶ್ನೆ ಇದು. ದುಡ್ಡು ಹಾಳಾಗುವುದೂ ಇಲ್ಲೇ.

ಹಳೆ ಕರಿ ಸೈಕಲ್ಲಿನ ಟಯರ್ ಮೇಲೆ 28 x 1½ ಅಂತ ಇರುತ್ತದೆ. ಕಿಟ್ ಪೆಟ್ಟಿಗೆಯ ಮೇಲೂ 28 ಇಂಚು ಅಂತ ಇರುತ್ತದೆ. ಎರಡೂ ಒಂದೇ ಅಂದುಕೊಂಡು ತರಿಸಿಬಿಡುತ್ತಾರೆ. ಆದರೆ ಟಯರ್ ಕೂರುವ ಜಾಗದ ಅಳತೆ ಹಳೆ ಸೈಕಲ್ಲಿನಲ್ಲಿ 635 ಮಿಲಿಮೀಟರ್, ಕಿಟ್‌ನ 700ಸಿ ರಿಮ್‌ನಲ್ಲಿ 622 ಮಿಲಿಮೀಟರ್. ಹಳೆ ಟಯರ್ ಹೊಸ ರಿಮ್‌ಗೆ ಸಡಿಲ, ಕೂರುವುದೇ ಇಲ್ಲ.

ಸರಿ, ಹಳೆ ರಿಮ್‌ಗೇ ಹೊಸ ಹಬ್ ಕಟ್ಟಿಸೋಣ ಅಂದರೆ? ಹಳೆ ಸೈಕಲ್ಲಿನ ಮುಂದಿನ ರಿಮ್‌ನಲ್ಲಿ 32 ತೂತು, ಹಿಂದಿನದರಲ್ಲಿ 40. ಹಬ್ ಮೋಟಾರುಗಳು ಬಹುತೇಕ 36 ತೂತಿನವು. ಅದೂ ಕೂಡುವುದಿಲ್ಲ.

ಇನ್ನು ಬ್ರೇಕ್. ಕರಿ ಸೈಕಲ್ಲಿನ ರಾಡ್ ಬ್ರೇಕ್ ರಿಮ್‌ನ ಒಳಮುಖವನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ. ಕಿಟ್ ಜೊತೆ ಬರುವ ಅಲ್ಯೂಮಿನಿಯಂ ರಿಮ್‌ಗೆ ಅಂಥ ಮುಖವೇ ಇರುವುದಿಲ್ಲ. ಅಂದರೆ ಮೋಟಾರ್ ಹಾಕಿದ ಗಾಲಿಗೆ ಬ್ರೇಕೇ ಇಲ್ಲ ಅಂತಾಯಿತು.

ಹಾಗಾಗಿ ಕರಿ ಸೈಕಲ್ಲಿಗೆ ಮೋಟಾರ್ ಹಾಕಲೇಬೇಕು ಅಂದರೆ ಪಕ್ಕದಲ್ಲಿ ಬೋಲ್ಟ್ ಮಾಡುವ ಚೈನ್ ಮೋಟಾರೇ ಸರಿ. ಗಾಲಿ ಹಳೆಯದೇ ಇರುತ್ತದೆ. ಹಿಂದಿನ ಹಬ್‌ಗೆ ಇನ್ನೊಂದು ಫ್ರೀವೀಲ್ ಸೇರಿಸಿ ಚೈನ್ ಹಾಕುತ್ತಾರೆ. ಸದ್ದು ಮಾಡುತ್ತದೆ, ಚೈನ್‌ಗೆ ಆಗಾಗ ಎಣ್ಣೆ ಬೇಕು, ಆದರೆ ಯಾವ ಸೈಕಲ್ ಮಿಸ್ತ್ರಿಯಾದರೂ ನೋಡಿದ ಕೂಡಲೇ ಅರ್ಥ ಮಾಡಿಕೊಳ್ಳುತ್ತಾನೆ. ಅದೇನು ಸಣ್ಣ ಗುಣವಲ್ಲ.

ಗೇರ್ ಸೈಕಲ್ಲಿಗೆ ಮುಂದಿನ ಗಾಲಿಯೋ, ಹಿಂದಿನ ಗಾಲಿಯೋ?

ಮುಂದಿನ ಫೋರ್ಕ್ ಗಟ್ಟಿ ಕಬ್ಬಿಣದ್ದಾಗಿದ್ದರೆ ಮುಂದಿನ ಗಾಲಿ. ಕೂಡಿಸುವುದು ಸುಲಭ, ಪಂಚರ್ ಆದರೆ ಬಿಚ್ಚುವುದೂ ಸುಲಭ. ಬ್ಯಾಟರಿ ಫ್ರೇಮಿನ ನಡುವೆ ಇಟ್ಟರೆ ಭಾರ ಎರಡೂ ಕಡೆ ಹಂಚಿಕೊಳ್ಳುತ್ತದೆ.

ಫೋರ್ಕ್ ಅಲ್ಯೂಮಿನಿಯಂ ಆಗಿದ್ದರೆ, ಇಲ್ಲವೇ ಅಗ್ಗದ ಸಸ್ಪೆನ್ಷನ್ ಫೋರ್ಕ್ ಇದ್ದರೆ ಹಿಂದಿನ ಗಾಲಿಗೇ ಹಾಕಿ. ಮೋಟಾರ್ ಎಳೆಯುವಾಗ ಆಕ್ಸಲ್ (ಗಾಲಿಯ ನಡುವಿನ ಅಚ್ಚು) ಉಲ್ಟಾ ತಿರುಗಲು ನೋಡುತ್ತದೆ. ಆಕ್ಸಲ್ ಕೂರುವ ಫೋರ್ಕಿನ ಅಲ್ಯೂಮಿನಿಯಂ ಬಾಯಿ ಅದನ್ನು ತಡೆಯುತ್ತಾ ತಡೆಯುತ್ತಾ ಒಂದು ದಿನ ಸೀಳುತ್ತದೆ. ಓಡುವಾಗ ಮುಂದಿನ ಗಾಲಿ ಕಳಚಿದರೆ ಏನಾಗುತ್ತದೆ ಅಂತ ಬರೆಯಬೇಕಿಲ್ಲ ಅಲ್ವಾ.

ಹಿಂದಿನ ಗಾಲಿಗೆ ಹಾಕುವುದಾದರೆ ಫ್ರೇಮಿನ ಎರಡು ಬಾಯಿಗಳ ನಡುವಿನ ಅಂತರ ಅಳೆದು ಆಮೇಲೆ ಆರ್ಡರ್ ಮಾಡಿ. ಗೇರ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 135 ಮಿಲಿಮೀಟರ್ ಇರುತ್ತದೆ. ಒಂದೇ ಗೇರಿನ ಸೈಕಲ್ಲಿನಲ್ಲಿ ಕಡಿಮೆ.

ಲೈಸೆನ್ಸ್, ನಂಬರ್ ಪ್ಲೇಟ್ ಬೇಕಾ? ಪೊಲೀಸರು ಹಿಡಿದರೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ ಇದಕ್ಕೆ ಉತ್ತರವಿದೆ. ಮೋಟಾರಿನ 30 ನಿಮಿಷದ ಶಕ್ತಿ, ಅಂದರೆ ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ, 0.25 ಕಿಲೋವ್ಯಾಟ್‌ಗಿಂತ ಕಡಿಮೆ ಇರಬೇಕು. ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇರಬೇಕು. ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋ ದಾಟಬಾರದು. ಸರಿಯಾದ ಬ್ರೇಕ್ ಇರಬೇಕು. ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. ಇಷ್ಟಿದ್ದರೆ ಅದು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ಲೈಸೆನ್ಸ್, ನೋಂದಣಿ, ವಿಮೆ ಯಾವುದೂ ಬೇಡ.

ಆದರೆ ಒಂದು ಮಾತು ಎಲ್ಲರೂ ಮರೆಯುತ್ತಾರೆ. ಈ ಷರತ್ತುಗಳನ್ನು ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯೊಂದು ನೋಡಿ ಪ್ರಮಾಣಪತ್ರ ಕೊಟ್ಟಿರಬೇಕು. ಪುಣೆಯ ಎಆರ್‌ಎಐ ಅಂಥ ಸಂಸ್ಥೆ. ಕೊಳ್ಳುವಾಗ ಆ ಪತ್ರದ ಪ್ರತಿ ಕೇಳಿ, ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಅಂಗಡಿಯವರು "ಅದೆಲ್ಲ ಬೇಕಾಗಿಲ್ಲ ಬಿಡ್ರಿ" ಅಂದರೆ ಪತ್ರ ಇಲ್ಲ ಅಂತಲೇ ತಿಳಿಯಿರಿ.

ಕಂಟ್ರೋಲರ್‌ನಿಂದ, ಅಂದರೆ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಅಳೆದು ಬಿಡುವ ಪೆಟ್ಟಿಗೆಯಿಂದ, ವೇಗ ಮಿತಿಯ ಒಂದು ವೈರ್ ಹೊರಗೆ ಬಂದಿರುತ್ತದೆ. ಅದನ್ನು ಬಿಚ್ಚಿ 25ರ ಮಿತಿ ತೆಗೆದರೆ ವಿನಾಯಿತಿಯೂ ಹೋಯಿತು. ಆಮೇಲೆ ಅದು ನೋಂದಣಿಯಿಲ್ಲದ ಮೋಟಾರು ವಾಹನ. ಏನಾದರೂ ಅಪಘಾತವಾದರೆ ವಿಮೆಯಿಲ್ಲದ ಗಾಡಿ ಓಡಿಸಿದವರು ನೀವು. 500 ವ್ಯಾಟ್, 1000 ವ್ಯಾಟ್ ಕಿಟ್‌ಗಳ ಕತೆಯೂ ಇದೇ.

ಪೆಟ್ರೋಲ್ ಇಂಜಿನ್ ಕಿಟ್ ಹೇಗೆ? ಕಳೆ ಕತ್ತರಿಸುವ ಮಷಿನ್‌ನ ಇಂಜಿನ್ ಹಾಕಬಹುದಾ?

ಬೇಡ. ಮೋಟಾರು ವಾಹನ ಕಾಯ್ದೆಯಲ್ಲಿ ನಾಲ್ಕಕ್ಕಿಂತ ಕಡಿಮೆ ಗಾಲಿಯ ಗಾಡಿಗೆ 25 ಸಿಸಿವರೆಗೆ ಮಾತ್ರ ವಿನಾಯಿತಿ ಇದೆ. ಕಳೆ ಮಷಿನ್‌ನ ಇಂಜಿನ್ ಎಷ್ಟೋ 35 ಸಿಸಿ ಇರುತ್ತವೆ, ಪೆಟ್ಟಿಗೆಯಲ್ಲಿ ಬರುವ ಎರಡು ಸ್ಟ್ರೋಕ್ ಕಿಟ್‌ಗಳು ಅದಕ್ಕಿಂತ ದೊಡ್ಡವು. ನೋಂದಣಿ ಮಾಡಿಸಲೂ ಆಗುವುದಿಲ್ಲ, ಮಾಡಿಸದೆ ಓಡಿಸಲೂ ಆಗುವುದಿಲ್ಲ. ಅದರ ನಡುಕಕ್ಕೆ ಸೈಕಲ್ ಫ್ರೇಮಿನ ಬೆಸುಗೆ ಬಿಡುವುದು ಇನ್ನೊಂದು ತಲೆನೋವು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರಲು ಎಷ್ಟು ದೊಡ್ಡ ಬ್ಯಾಟರಿ ಬೇಕು?

ಲೆಕ್ಕ ಹಾಕೋಣ. 36 ವೋಲ್ಟ್, 10 ಆಂಪ್-ಅವರ್ ಬ್ಯಾಟರಿ ಅಂದರೆ 36 x 10, ಒಟ್ಟು 360 ವ್ಯಾಟ್-ಅವರ್ ಶಕ್ತಿ. ಸ್ವಲ್ಪ ಸ್ವಲ್ಪ ತುಳಿಯುತ್ತಾ 20ರ ವೇಗದಲ್ಲಿ ಹೋದರೆ ಕಿಲೋಮೀಟರಿಗೆ ಸುಮಾರು 10 ವ್ಯಾಟ್-ಅವರ್ ಖರ್ಚು. ತುಳಿಯದೆ ಬರೀ ಥ್ರಾಟಲ್ (ಬೈಕಿನ ಎಕ್ಸಲರೇಟರ್‌ನಂಥದ್ದು) ಹಿಡಿದು ಕೂತರೆ 15ರ ಹತ್ತಿರ ಹೋಗುತ್ತದೆ.

ಹುಬ್ಬಳ್ಳಿ ಊರೊಳಗಿಂದ ಧಾರವಾಡ ಊರೊಳಗೆ ಸುಮಾರು 20 ಕಿಲೋಮೀಟರ್. ಹೋಗಲು 200, ಬರಲು 200. ಅಲ್ಲಿಗೇ 400 ಆಯಿತು. 10 ಆಂಪ್-ಅವರ್ ಬ್ಯಾಟರಿ ಸಾಲದು. ಬ್ಯಾಟರಿಗೆ ವಯಸ್ಸಾದಂತೆ ಹಿಡಿಯುವ ಶಕ್ತಿ ಕಡಿಮೆಯಾಗುವುದನ್ನೂ ಸೇರಿಸಿಕೊಳ್ಳಿ.

ಏರಿನ ಲೆಕ್ಕ ಬೇರೆ ಅಂತ ಜನ ಹೆದರುತ್ತಾರೆ. ಧಾರವಾಡ ಹುಬ್ಬಳ್ಳಿಗಿಂತ ಸುಮಾರು 80 ಮೀಟರ್ ಎತ್ತರದಲ್ಲಿದೆ. ನೀವು, ಸೈಕಲ್ಲು, ಚೀಲ ಸೇರಿ 100 ಕಿಲೋ ಅಂದುಕೊಂಡರೂ ಆ ಎತ್ತರಕ್ಕೆ ಬೇಕಾಗುವುದು 22 ವ್ಯಾಟ್-ಅವರ್. ಮೋಟಾರಿನಲ್ಲಿ ಸೋರುವುದನ್ನು ಸೇರಿಸಿದರೆ 30. ಅಂದರೆ ಎರಡು ಮೂರು ಕಿಲೋಮೀಟರಿನ ಖರ್ಚು, ಅಷ್ಟೇ.

ನಿಜವಾಗಿ ಬ್ಯಾಟರಿ ತಿನ್ನುವುದು ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಪಡುವಣ ಗಾಳಿ ಜೋರು. ಧಾರವಾಡ ಇರುವುದು ಹುಬ್ಬಳ್ಳಿಯ ವಾಯವ್ಯಕ್ಕೆ. ಹಾಗಾಗಿ ಮಳೆಗಾಲದ ದಿನ ಧಾರವಾಡದ ಕಡೆ ಹೊರಟರೆ ಗಾಳಿ ಮುಖಕ್ಕೇ ಬಡಿಯುತ್ತದೆ. ನೀವು 20ರಲ್ಲಿ ಹೋಗುವಾಗ 15ರ ಗಾಳಿ ನೇರ ಎದುರಿಗೆ ಬಂದರೆ ಗಾಳಿಯ ತಡೆ ಮೂರು ಪಟ್ಟಾಗುತ್ತದೆ. ಬೇಸಿಗೆಯಲ್ಲಿ ಆರಾಮಾಗಿ ಮುಟ್ಟಿಸುತ್ತಿದ್ದ ಬ್ಯಾಟರಿ ಜುಲೈನಲ್ಲಿ ಸತ್ತೂರು ಹತ್ತಿರವೇ ಕೆಂಪು ದೀಪ ತೋರಿಸಿದರೆ ಬ್ಯಾಟರಿ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ. ಎದುರುಗಾಳಿಯಲ್ಲಿ ವೇಗ 15ಕ್ಕೆ ಇಳಿಸಿ. ಬರುವಾಗ ಅದೇ ಗಾಳಿ ಬೆನ್ನಿಗಿರುತ್ತದೆ.

ನನ್ನ ಸಲಹೆ ಇಷ್ಟು. ಧಾರವಾಡದಲ್ಲಿ ಕೆಲಸದ ಜಾಗದಲ್ಲಿ ಪ್ಲಗ್ ಸಿಗುತ್ತದೆ ಅಂದರೆ 10 ಆಂಪ್-ಅವರ್ ಸಾಕು, ಚಾರ್ಜರ್ ಚೀಲದಲ್ಲಿಟ್ಟುಕೊಳ್ಳಿ. ಸಿಗದಿದ್ದರೆ 13ಕ್ಕಿಂತ ಕಡಿಮೆ ಬೇಡ, ತುಳಿಯುವುದನ್ನೂ ಬಿಡಬೇಡಿ. ನವನಗರದಿಂದ ವಿದ್ಯಾನಗರ, ಇಲ್ಲವೇ ಸಪ್ತಾಪುರದಿಂದ ಜುಬಿಲಿ ಸರ್ಕಲ್ ಅಷ್ಟೇ ಓಡಾಡುವವರಿಗೆ 7 ಆಂಪ್-ಅವರ್ ಕೂಡ ಜಾಸ್ತಿಯೇ.

ಲಿಥಿಯಮ್ ದುಬಾರಿ. ಯುಪಿಎಸ್‌ನ ಎರಡು ಬ್ಯಾಟರಿ ಜೋಡಿಸಿದರೆ ಆಗುವುದಿಲ್ಲವೇ?

ಚೈನ್ ಮೋಟಾರ್ ಕಿಟ್‌ಗೆ ಆಗುತ್ತದೆ. 12 ವೋಲ್ಟ್, 7 ಆಂಪ್-ಅವರ್‌ನ ಎರಡನ್ನು ಸಾಲಾಗಿ ಜೋಡಿಸಿದರೆ 24 ವೋಲ್ಟ್. ತೂಕ ಎರಡೂ ಸೇರಿ 5 ಕಿಲೋ ಹತ್ತಿರ. ಕಾಗದದ ಮೇಲೆ 168 ವ್ಯಾಟ್-ಅವರ್. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ದಿನಾ ಇಳಿಸಿದರೆ ಬೇಗ ಸಾಯುತ್ತದೆ. ಹಾಗಾಗಿ ಎಂಟು ಹತ್ತು ಕಿಲೋಮೀಟರಿನ ಓಡಾಟಕ್ಕೆ ಮಾತ್ರ. ಒಂದು ಹೊಸದು, ಒಂದು ಹಳೆಯದು ಜೋಡಿಸಬೇಡಿ.

ಲಿಥಿಯಮ್ ಕೊಳ್ಳುವಾಗ ಒಳಗೆ ಬಿಎಂಎಸ್ ಇದೆಯಾ ಕೇಳಿ. ಪ್ರತಿ ಸೆಲ್ ತೀರಾ ತುಂಬದಂತೆ, ತೀರಾ ಖಾಲಿಯಾಗದಂತೆ ನೋಡಿಕೊಳ್ಳುವ ಸಣ್ಣ ಬೋರ್ಡ್ ಅದು. ಲ್ಯಾಪ್‌ಟಾಪಿನ ಹಳೆ ಸೆಲ್ ತೆಗೆದು ಟೇಪ್ ಸುತ್ತಿ ಕೊಡುವವರು ಇದ್ದಾರೆ. ಅಂಥದ್ದು ಪುಕ್ಕಟೆ ಕೊಟ್ಟರೂ ಬೇಡ.

ಮನೆಯಲ್ಲೇ ಕೂಡಿಸಬಹುದಾ? ಯಾವುದು ಮೊದಲು?

ಪಂಚರ್ ತೆಗೆದು, ಚೈನ್ ಹಾಕಿ ರೂಢಿ ಇದ್ದವರು ಧಾರಾಳವಾಗಿ ಕೂಡಿಸಬಹುದು. ರವಿವಾರದ ಒಂದು ಮಧ್ಯಾಹ್ನದ ಕೆಲಸ. ಪಾನಾ ಸೆಟ್, ಅಲೆನ್ ಕೀ, ಒಂದು ಮಲ್ಟಿಮೀಟರ್, ಜಿಪ್ ಟೈ ಇರಲಿ.

ಮೊದಲು ಗಾಲಿ. ಹಳೆ ಗಾಲಿಯ ಟಯರ್, ಟ್ಯೂಬ್ ತೆಗೆದು ಮೋಟಾರ್ ಗಾಲಿಗೆ ಹಾಕಿ ಹವಾ ತುಂಬಿ. ಮೋಟಾರಿನ ಆಕ್ಸಲ್ 12 ಮಿಲಿಮೀಟರ್ ದಪ್ಪ, ಎರಡು ಬದಿ ಚಪ್ಪಟೆ ಮಾಡಿ 10ಕ್ಕೆ ತಂದಿರುತ್ತಾರೆ. ಫೋರ್ಕಿನ ಬಾಯಿ ಅದಕ್ಕಿಂತ ಕಿರಿದಾಗಿದ್ದರೆ ಅರ ಹಾಕಿ ಸ್ವಲ್ಪ ಸ್ವಲ್ಪವೇ ಉಜ್ಜಬೇಕು. ಮೇಲಕ್ಕೆ ಆಳ ಮಾಡಿ, ಅಗಲಕ್ಕೆ ಬೇಕಾದಷ್ಟೇ. ಅಗಲ ಜಾಸ್ತಿಯಾದರೆ ಆಕ್ಸಲ್ ಅಲುಗಾಡುತ್ತದೆ. ವೈರ್ ಹೊರಬರುವ ಬದಿ ನೋಡಿಕೊಳ್ಳಿ. ಮೋಟಾರಿನ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಅದರಂತೆ ಹಾಕಿ.

ಆಮೇಲೆ ಬ್ಯಾಟರಿ ಸ್ಟ್ಯಾಂಡ್. ಬಾಟಲ್ ಇಡುವ ಜಾಗದಲ್ಲಿ, ಫ್ರೇಮಿನ ಕೆಳಗಿನ ಪೈಪಿನ ಮೇಲೆ ಕೂತರೆ ಉತ್ತಮ. ಕ್ಯಾರಿಯರ್ ಮೇಲೆ ಇಟ್ಟರೆ ತಿರುವಿನಲ್ಲಿ ಸೈಕಲ್ ತೂಗಾಡುತ್ತದೆ. ಬರೀ ಜಿಪ್ ಟೈ ನಂಬಿ ಬ್ಯಾಟರಿ ಕಟ್ಟಬೇಡಿ.

ಮೂರನೆಯದು ಹ್ಯಾಂಡಲ್ ಮೇಲಿನ ಸಾಮಾನು: ಬ್ರೇಕ್ ಲಿವರ್, ಥ್ರಾಟಲ್, ಡಿಸ್‌ಪ್ಲೇ. ಕಿಟ್ ಜೊತೆ ಬರುವ ಬ್ರೇಕ್ ಲಿವರ್‌ನಲ್ಲಿ ಮೋಟಾರ್ ಬಂದ್ ಮಾಡುವ ಸ್ವಿಚ್ ಇರುತ್ತದೆ. "ಹಳೆ ಲಿವರೇ ಚಲೋ ಅದಾವ" ಅಂತ ಇದನ್ನು ಪೆಟ್ಟಿಗೆಯಲ್ಲೇ ಬಿಡುವವರಿದ್ದಾರೆ. ಬಿಡಬೇಡಿ. ಪೆಡಲ್ ನಿಲ್ಲಿಸಿದ ಮೇಲೂ ಮೋಟಾರ್ ಒಂದು ಕ್ಷಣ ಎಳೆಯುತ್ತದೆ. ಎದುರಿಗೆ ಆಕಳು ಅಡ್ಡ ಬಂದಾಗ ಆ ಒಂದು ಕ್ಷಣ ಬಹಳ ದೊಡ್ಡದು.

ಕಂಟ್ರೋಲರ್ ಕಡೆಯಲ್ಲಿ. ವೈರುಗಳು ಕೆಳಮುಖವಾಗಿ ಹೊರಬರುವಂತೆ ಇಡಿ. ಬ್ಯಾಟರಿಯ ಪಾಸಿಟಿವ್ ವೈರ್‌ಗೆ, ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಹತ್ತಿರ ಒಂದು ಫ್ಯೂಸ್ ಹಾಕಿ. 15 ಆಂಪ್ ಕಂಟ್ರೋಲರ್‌ಗೆ 20 ಆಂಪ್ ಫ್ಯೂಸ್ ಸರಿ. ಬ್ಯಾಟರಿ ಮೊದಲ ಸಲ ಜೋಡಿಸುವಾಗ ಚಟ್ ಅಂತ ಸಣ್ಣ ಕಿಡಿ ಬರುತ್ತದೆ. ಕಂಟ್ರೋಲರ್‌ನ ಕೆಪಾಸಿಟರ್ ತುಂಬುವ ಕಿಡಿ ಅದು, ಹೆದರಬೇಡಿ. ಪ್ಲಸ್ ಮೈನಸ್ ಅದಲು ಬದಲು ಆದರೆ ಮಾತ್ರ ಕಂಟ್ರೋಲರ್ ಹೋಯಿತು. ಮಲ್ಟಿಮೀಟರ್ ಇಟ್ಟು ಎರಡು ಸಲ ನೋಡಿ.

ಮೊದಲ ಸಲ ಆನ್ ಮಾಡುವಾಗ ಗಾಲಿ ನೆಲದಿಂದ ಮೇಲಿರಲಿ, ಮಕ್ಕಳು ದೂರ ಇರಲಿ.

ಟಾರ್ಕ್ ಆರ್ಮ್ (ಆಕ್ಸಲ್ ತಿರುಗದಂತೆ ಹಿಡಿಯುವ ಪಟ್ಟಿ) ಬೇಕೇ ಬೇಕಾ?

ಬೇಕು. 40 ನ್ಯೂಟನ್-ಮೀಟರ್ ತಿರುಚುವ ಬಲವನ್ನು 10 ಮಿಲಿಮೀಟರ್ ಅಗಲದ ಆಕ್ಸಲ್ ತಡೆಯಬೇಕಾದರೆ ಬಾಯಿಯ ಅಂಚಿನ ಮೇಲೆ ನೂರಾರು ಕಿಲೋ ಒತ್ತಡ ಬೀಳುತ್ತದೆ. ಅದೇ ಬಲವನ್ನು 15 ಸೆಂಟಿಮೀಟರ್ ಉದ್ದದ ಪಟ್ಟಿಯೊಂದು ಫೋರ್ಕಿನ ಮೇಲುಭಾಗಕ್ಕೆ ದಾಟಿಸಿದರೆ 30 ಕಿಲೋದಷ್ಟಕ್ಕೆ ಇಳಿಯುತ್ತದೆ. ಕಿಟ್‌ನಲ್ಲಿ ಬರದಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ 5 ಮಿಲಿಮೀಟರ್ ಕಬ್ಬಿಣದ ಪಟ್ಟಿಯಲ್ಲಿ ಮಾಡಿಸಿ. ಆಕ್ಸಲ್ ಕೂರುವ ತೂತು ಬಿಗಿಯಾಗಿರಬೇಕು, ಇಲ್ಲದಿದ್ದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಎಲ್ಲ ಜೋಡಿಸಿದೆ, ಗಾಲಿ ತಿರುಗದೆ ಗುರ್ ಅಂತ ನಡುಗುತ್ತದೆ. ಯಾಕೆ?

ವೈರ್ ಅದಲು ಬದಲಾಗಿವೆ. ಮೋಟಾರಿನಿಂದ ದಪ್ಪ ವೈರ್ ಮೂರು ಬರುತ್ತವೆ: ಹಳದಿ, ಹಸಿರು, ನೀಲಿ. ಸಣ್ಣ ವೈರ್ ಐದು: ಕೆಂಪು, ಕಪ್ಪು, ಜೊತೆಗೆ ಮತ್ತೆ ಹಳದಿ, ಹಸಿರು, ನೀಲಿ. ಈ ಸಣ್ಣವು ಹಾಲ್ ಸೆನ್ಸರಿನವು. ಗಾಲಿ ಎಲ್ಲಿದೆ ಅಂತ ಕಂಟ್ರೋಲರ್‌ಗೆ ತಿಳಿಸುವುದು ಅವುಗಳ ಕೆಲಸ.

ಒಂದೇ ಕಂಪನಿಯ ಮೋಟಾರ್, ಕಂಟ್ರೋಲರ್ ಆದರೆ ಬಣ್ಣಕ್ಕೆ ಬಣ್ಣ ಜೋಡಿಸಿದರೆ ಮುಗಿಯಿತು. ಬೇರೆ ಬೇರೆ ಕಡೆಯಿಂದ ತಂದಿದ್ದರೆ ಬಣ್ಣ ನಂಬುವ ಹಾಗಿಲ್ಲ. ಸಣ್ಣ ವೈರ್ ಹಾಗೇ ಬಿಟ್ಟು ದಪ್ಪ ಮೂರನ್ನು ಬದಲಿಸುತ್ತಾ ಹೋಗಿ. ಒಟ್ಟು ಆರು ಜೋಡಣೆ ಇವೆ, ಒಂದರಲ್ಲಿ ಮಾತ್ರ ಸಲೀಸಾಗಿ ತಿರುಗುತ್ತದೆ. ತಪ್ಪು ಜೋಡಣೆಯಲ್ಲಿ ಕರೆಂಟ್ ಜಾಸ್ತಿ ಎಳೆಯುತ್ತದೆ, ಥ್ರಾಟಲ್ ಸ್ವಲ್ಪವೇ ಮುಟ್ಟಿ ಬಿಡಿ. ಸಲೀಸಾಗಿ ತಿರುಗಿತು, ಆದರೆ ಹಿಂದಕ್ಕೆ ತಿರುಗಿತು ಅಂದರೆ ದಪ್ಪದರಲ್ಲಿ ಎರಡು, ಸಣ್ಣ ಬಣ್ಣದ ವೈರಿನಲ್ಲಿ ಎರಡು ಅದಲು ಬದಲು ಮಾಡಿ ಮತ್ತೆ ನೋಡಿ. ಎಷ್ಟೋ ಕಂಟ್ರೋಲರ್‌ಗಳಲ್ಲಿ ತಾನೇ ಕಲಿತುಕೊಳ್ಳುವ ಒಂದು ಜೋಡಿ ವೈರ್ ಇರುತ್ತದೆ. ಅದನ್ನು ಸೇರಿಸಿ ಆನ್ ಮಾಡಿದರೆ ಗಾಲಿ ತಾನಾಗಿ ತಿರುಗಿ ಸರಿಹೊಂದಿಸಿಕೊಳ್ಳುತ್ತದೆ. ಈ ಪರದಾಟವೇ ಬೇಡ.

ಮೊದಲು ಚೆನ್ನಾಗಿದ್ದು ಈಗ ನಡುಗಲು ಶುರುವಾದರೆ ಕನೆಕ್ಟರ್‌ಗೆ ನೀರು ಹೋಗಿರಬಹುದು, ಇಲ್ಲವೇ ಹಾಲ್ ಸೆನ್ಸರ್ ಸತ್ತಿರಬಹುದು. ಸಣ್ಣ ಕೆಂಪು-ಕಪ್ಪು ನಡುವೆ 5 ವೋಲ್ಟ್ ಇರಬೇಕು. ಗಾಲಿಯನ್ನು ಕೈಯಿಂದ ನಿಧಾನ ಹಿಂದಕ್ಕೆ ತಿರುಗಿಸಿದರೆ ಉಳಿದ ಮೂರೂ 0 ಮತ್ತು 5ರ ನಡುವೆ ಹಾರಬೇಕು. ಹಾರದೆ ಕೂತದ್ದೇ ಕಳ್ಳ.

ತುಳಿದರೆ ಮೋಟಾರ್ ಓಡುವುದಿಲ್ಲ, ಥ್ರಾಟಲ್‌ನಲ್ಲಿ ಓಡುತ್ತದೆ.

ಪೆಡಲ್ ಹತ್ತಿರದ ಆಯಸ್ಕಾಂತದ ಬಿಲ್ಲೆ ಉಲ್ಟಾ ಕೂತಿದೆ, ಇಲ್ಲವೇ ನೀವು ತುಳಿಯುತ್ತಿದ್ದೀರಿ ಅಂತ ಕಂಟ್ರೋಲರ್‌ಗೆ ತಿಳಿಸುವ ಸೆನ್ಸರಿನಿಂದ ದೂರ ಇದೆ. ತಿರುಗಿಸಿ ಹಾಕಿ, ಎರಡು ಮೂರು ಮಿಲಿಮೀಟರ್ ಅಂತರಕ್ಕೆ ತನ್ನಿ.

ಬ್ರೇಕ್ ಹಳೆಯದೇ ಸಾಕಲ್ವಾ?

ಸೈಕಲ್ಲಿಗೆ ಆರೇಳು ಕಿಲೋ ಜಾಸ್ತಿ ಬಂತು. ಮೊದಲು ಯಾವಾಗಲೋ ಮುಟ್ಟುತ್ತಿದ್ದ 25ರ ವೇಗದಲ್ಲಿ ಈಗ ದಿನಾ ಓಡುತ್ತೀರಿ. ರಬ್ಬರ್ ಹೊಸದು ಹಾಕಿಸಿ, ಕೇಬಲ್ ಹೊಸದು ಹಾಕಿಸಿ. ಇದು ಕಿಟ್‌ನ ಖರ್ಚಿನಲ್ಲಿ ಬಿಡಿಗಾಸು.

ಹೊಳೆಯುವ ಸ್ಟೀಲ್ ರಿಮ್ ಇದ್ದವರಿಗೆ ಬೇರೆಯೇ ಎಚ್ಚರಿಕೆ. ಒದ್ದೆಯಾದ ಸ್ಟೀಲ್ ರಿಮ್ ಮೇಲೆ ಬ್ರೇಕ್ ರಬ್ಬರ್ ಜಾರುತ್ತದೆ. ಒಣ ರಸ್ತೆಯಲ್ಲಿ ನಿಲ್ಲುವ ದೂರದಲ್ಲಿ ಮಳೆಯಲ್ಲಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಅಲ್ಯೂಮಿನಿಯಂ ರಿಮ್ ಇಲ್ಲವೇ ಡಿಸ್ಕ್ ಬ್ರೇಕ್ ಇರುವ ಸೈಕಲ್ಲಿಗೆ ಮಾತ್ರ ಮೋಟಾರ್ ಓಡಿಸಿ ಅಂತಲೇ ಹೇಳುತ್ತೇನೆ. ಕರಿ ಸೈಕಲ್ಲಿನವರು ಮಳೆಯಲ್ಲಿ ಮೋಟಾರ್ ಬಂದ್ ಮಾಡಿ ತುಳಿಯಲಿ.

ಮಳೆ, ಎರಿ ಮಣ್ಣು, ರಾಡಿ. ಮೋಟಾರ್ ತಾಳುತ್ತದೆಯೇ?

ಮೇಲಿನಿಂದ ಬೀಳುವ ಮಳೆ ತಾಳುತ್ತದೆ. ಗಾಲಿಯ ಹಬ್ ಮುಳುಗುವಷ್ಟು ನೀರಿನಲ್ಲಿ ಇಳಿಸಿದರೆ ತಾಳುವುದಿಲ್ಲ. ಆಕ್ಸಲ್‌ನಿಂದ ವೈರ್ ಹೊರಬರುವ ಜಾಗವೇ ನೀರಿಗೆ ಬಾಗಿಲು. ಆ ವೈರನ್ನು ಅಲ್ಲಿಂದ ಸ್ವಲ್ಪ ಕೆಳಕ್ಕೆ ಇಳಿಬಿಟ್ಟು ಆಮೇಲೆ ಮೇಲಕ್ಕೆ ಒಯ್ಯಿರಿ. ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಕನೆಕ್ಟರ್‌ಗಳಿಗೆ ಹಳೆ ಸೈಕಲ್ ಟ್ಯೂಬ್ ತುಂಡು ತೊಡಿಸಿ ಎರಡೂ ಬದಿ ಕಟ್ಟಿದರೆ ಸಾಕು.

ನೀರಿಗಿಂತ ನನಗೆ ಎರಿ ಮಣ್ಣಿನದೇ ಚಿಂತೆ. ಧಾರವಾಡದ ಪಶ್ಚಿಮಕ್ಕೆ ಮಸಾರಿ, ಅಲ್ಲಿ ಅಷ್ಟು ತೊಂದರೆಯಿಲ್ಲ. ಹುಬ್ಬಳ್ಳಿಯಿಂದ ನವಲಗುಂದ, ಅಣ್ಣಿಗೇರಿ ಕಡೆ ಹೊಲದ ದಾರಿಗೆ ಇಳಿದರೆ ನಾಲ್ಕು ಸುತ್ತಿಗೆ ಮಡ್‌ಗಾರ್ಡ್ ತುಂಬಾ ಮೆತ್ತಿಕೊಂಡು ಗಾಲಿ ನಿಂತುಬಿಡುತ್ತದೆ. ಬರೀ ತುಳಿಯುವ ಸೈಕಲ್ಲಾದರೆ ಕಾಲಿಗೆ ಗೊತ್ತಾಗುತ್ತದೆ, ಇಳಿಯುತ್ತೀರಿ. ಮೋಟಾರಿಗೆ ಗೊತ್ತಾಗುವುದಿಲ್ಲ. ನಿಂತ ಗಾಲಿಗೆ ಕರೆಂಟ್ ತಳ್ಳುತ್ತಾ ಕಾಯುತ್ತದೆ, ಒಳಗಿನ ನೈಲಾನ್ ಗೇರ್ ಹಲ್ಲು ಉದುರುತ್ತದೆ. ರಾಡಿಯಲ್ಲಿ ಥ್ರಾಟಲ್ ಬಿಟ್ಟು ಇಳಿದು ತಳ್ಳಿ. ಹೊಲಕ್ಕೆ ಹೋಗುವವರು ಮಳೆಗಾಲದ ಮಟ್ಟಿಗೆ ಮಡ್‌ಗಾರ್ಡ್ ಬಿಚ್ಚಿಡುವುದೇ ವಾಸಿ.

ತೊಳೆಯುವಾಗ ಮಗ್ ನೀರು, ಬಟ್ಟೆ ಸಾಕು. ವಾಟರ್ ಸರ್ವಿಸ್ ಅಂಗಡಿಯ ಪೈಪ್ ಹಬ್ ಹತ್ತಿರ ತರಬೇಡಿ.

ಪಂಚರ್ ಆದರೆ?

ಹಿಂದಿನ ಹಬ್ ಮೋಟಾರ್ ಇದ್ದರೆ ಗಾಲಿ ಬಿಚ್ಚದೆಯೇ ಪಂಚರ್ ತೆಗೆಸಿ. ಸೈಕಲ್ ಮಗುಚಿ, ಟಯರಿನ ಒಂದು ಬದಿ ಎಬ್ಬಿಸಿ, ಟ್ಯೂಬಿನ ಬೇಕಾದಷ್ಟು ಭಾಗ ಹೊರಗೆಳೆದು ಪ್ಯಾಚ್ ಹಾಕಬಹುದು. ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಅಂಗಡಿಯ ಹುಡುಗ ರೂಢಿಯಂತೆ ಗಾಲಿ ಎಳೆದು ವೈರ್ ಕಿತ್ತಾನು. ಟ್ಯೂಬ್ ಬದಲಿಸಲೇಬೇಕಾದರೆ ಮೋಟಾರಿನ ಕನೆಕ್ಟರ್ ಬಿಡಿಸಿ, ಆಮೇಲೆ ನಟ್ಟು. 18 ಇಲ್ಲವೇ 19 ನಂಬರ್ ಪಾನಾ ಬೇಕು, ಎಲ್ಲ ಪಂಚರ್ ಅಂಗಡಿಯಲ್ಲಿ ಇರುವುದಿಲ್ಲ. ಚೀಲದಲ್ಲಿ ಒಂದು ಇರಲಿ. ವಾಶರ್‌ಗಳು ಯಾವ ಸಾಲಿನಲ್ಲಿದ್ದವು ಅಂತ ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ.

ಸ್ಪೋಕ್ ಪದೇ ಪದೇ ಮುರಿಯುತ್ತವೆ.

ಹೊಸ ಗಾಲಿಯ ಸ್ಪೋಕ್‌ಗಳು ಮೊದಲ ನೂರು ಕಿಲೋಮೀಟರಿನಲ್ಲಿ ಸಡಿಲಾಗುತ್ತವೆ. ಆಗ ಒಮ್ಮೆ ಮಿಸ್ತ್ರಿ ಹತ್ತಿರ ಬಿಗಿ ಮಾಡಿಸಿ, ಔಟ್ ತೆಗೆಸಿ. ಸಡಿಲ ಬಿಟ್ಟರೆ ಒಂದು ಮುರಿಯುತ್ತದೆ. ಅದರ ಭಾರ ಪಕ್ಕದ್ದಕ್ಕೆ ಬಿದ್ದು ಅದೂ ಮುರಿಯುತ್ತದೆ. ಮೋಟಾರ್ ಗಾಲಿಯ ಸ್ಪೋಕ್ ಗಿಡ್ಡ, ದಪ್ಪ. ಊರಿನ ಅಂಗಡಿಯಲ್ಲಿ ಆ ಅಳತೆ ಸಿಗುವುದು ಕಷ್ಟ. ಕಿಟ್ ಜೊತೆಗೇ ಹೆಚ್ಚಿಗೆ ನಾಲ್ಕು ಕೇಳಿ ಪಡೆಯಿರಿ.

ಏರಿನಲ್ಲಿ ಮೋಟಾರ್ ಬಿಸಿಯಾಗುತ್ತದೆ.

ಹಬ್ ಮೋಟಾರ್ ನಿಧಾನಕ್ಕೆ ತಿರುಗುವಾಗ ಬ್ಯಾಟರಿಯ ಶಕ್ತಿ ಬಹಳಷ್ಟು ಬಿಸಿಯಾಗಿ ಹೋಗುತ್ತದೆ. ನೃಪತುಂಗ ಬೆಟ್ಟದ ಏರಿನಂಥ ಕಡೆ ವೇಗ 10ಕ್ಕಿಂತ ಇಳಿಯಿತು ಅಂದರೆ ಗೇರ್ ಇಳಿಸಿ ತುಳಿಯಿರಿ. ಏರಿನ ನಡುವೆ ನಿಂತ ಜಾಗದಿಂದ ಪೂರ್ತಿ ಥ್ರಾಟಲ್ ತಿರುವಬೇಡಿ. ಎರಡು ಸುತ್ತು ತುಳಿದು ಆಮೇಲೆ ಥ್ರಾಟಲ್. ಕೈ ಇಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿ ಆರಲು ಬಿಡಿ.

ಹಾಲಿನ ಕ್ಯಾನ್ ಹೊತ್ತು ಹಳ್ಳಿಯಿಂದ ಬರುತ್ತೇವೆ. ಈ ಕಿಟ್ ಎಳೆಯುತ್ತದೆಯೇ?

ಸಪಾಟು ರಸ್ತೆಯಲ್ಲಿ ಎಳೆಯುತ್ತದೆ. ಒಟ್ಟು ಭಾರ 150 ಕಿಲೋ ಆದರೆ ಏರಿನಲ್ಲಿ ನೀವೂ ತುಳಿಯಬೇಕು. ನಿಮಗೆ ಚೈನ್ ಮೋಟಾರೇ ಸರಿ, ಅದರ ಹಿಂದಿನ ಫ್ರೀವೀಲ್ ದೊಡ್ಡದು ಹಾಕಿಸಿ. ವೇಗ ಕಡಿಮೆಯಾಗುತ್ತದೆ, ಎಳೆತ ಜಾಸ್ತಿಯಾಗುತ್ತದೆ.

36 ವೋಲ್ಟ್ ಕಿಟ್‌ಗೆ 48 ವೋಲ್ಟ್ ಬ್ಯಾಟರಿ ಹಾಕಿದರೆ ಇನ್ನೂ ಜೋರು ಓಡುತ್ತದಂತೆ?

ಓಡುತ್ತದೆ, ಕಂಟ್ರೋಲರ್ ಉಳಿದರೆ. 48 ವೋಲ್ಟ್ ಬ್ಯಾಟರಿ ತುಂಬಿದಾಗ 54.6 ವೋಲ್ಟ್ ಇರುತ್ತದೆ. 36ರ ಕಂಟ್ರೋಲರ್‌ಗಳಲ್ಲಿ ಕೆಲವಕ್ಕೆ 50 ವೋಲ್ಟಿನ ಕೆಪಾಸಿಟರ್ ಹಾಕಿರುತ್ತಾರೆ. ಢಂ ಅಂತ ಹೋಗುತ್ತದೆ. ಕಾನೂನಿನ ಮಾತು ಮೇಲೆ ಹೇಳಿಯಾಗಿದೆ. ಇನ್ನು 48ರ ಚಾರ್ಜರನ್ನು 36ರ ಬ್ಯಾಟರಿಗೆ ಚುಚ್ಚುವುದು ಮನೆಗೆ ಬೆಂಕಿ ಇಟ್ಟಂತೆಯೇ. ಮನೆಯಲ್ಲಿ ಎರಡೂ ಇದ್ದರೆ ಚಾರ್ಜರ್ ಮೇಲೆ ದೊಡ್ಡದಾಗಿ ಬರೆದಿಡಿ.

ಚಾರ್ಜ್ ಹೇಗೆ ಮಾಡಬೇಕು? ಕರೆಂಟ್ ಬಿಲ್ ಎಷ್ಟು ಬರುತ್ತದೆ?

10 ಆಂಪ್-ಅವರ್ ಬ್ಯಾಟರಿಗೆ 2 ಆಂಪ್ ಚಾರ್ಜರ್‌ನಲ್ಲಿ 5 ಗಂಟೆ. ಹೆಸ್ಕಾಂ ಮೀಟರ್ ಓಡುವುದು ಅರ್ಧ ಯೂನಿಟ್‌ಗಿಂತ ಕಡಿಮೆ. ಚಾರ್ಜರ್ ಎಳೆಯುವುದು 100 ವ್ಯಾಟ್ ಅಷ್ಟೇ, ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೂ ನಡೆಯುತ್ತದೆ.

ಏಪ್ರಿಲ್-ಮೇ ಬಿಸಿಲಿನಲ್ಲಿ ಬಂದ ಕೂಡಲೇ ಚಾರ್ಜ್‌ಗೆ ಹಾಕಬೇಡಿ. ಬ್ಯಾಟರಿ ಬಿಚ್ಚಿ ನೆರಳಲ್ಲಿಡಿ, ಅರ್ಧ ಗಂಟೆ ಆರಲಿ. ಹಾಸಿಗೆ ಮೇಲೆ, ಸೋಫಾ ಮೇಲೆ, ಹೊರಗೆ ಹೋಗುವ ಒಂದೇ ಬಾಗಿಲ ಹತ್ತಿರ ಇಟ್ಟು ಚಾರ್ಜ್ ಮಾಡಬೇಡಿ. ರಾತ್ರಿ ಹಾಕಿ ಮಲಗುವುದೂ ಬೇಡ. ಕಲ್ಲಿನ ಇಲ್ಲವೇ ಟೈಲ್ಸ್ ನೆಲದ ಮೇಲೆ, ಮನೆಯವರು ಎಚ್ಚರ ಇರುವಾಗ. ಉಬ್ಬಿದ, ವಾಸನೆ ಬರುವ, ಚಾರ್ಜ್ ಆಗುವಾಗ ಸುಡುವ ಬ್ಯಾಟರಿ ಮತ್ತೆ ಬಳಸಬೇಡಿ. ಹೊಗೆ ಕಂಡರೆ ಮನೆಯವರನ್ನು ಹೊರಗೆ ಕಳಿಸಿ 101ಕ್ಕೆ ಕರೆ ಮಾಡಿ.

ಎರಡು ತಿಂಗಳು ಊರಲ್ಲಿ ಇರುವುದಿಲ್ಲ.

ಲಿಥಿಯಮ್ ಆದರೆ ಅರ್ಧ ತುಂಬಿಸಿ ಬಿಚ್ಚಿಡಿ. ಮೀಟರ್‌ನಲ್ಲಿ 36ರಿಂದ 37 ವೋಲ್ಟ್ ಇದ್ದರೆ ಸರಿ. ಸೀಸದ್ದಾದರೆ ಪೂರ್ತಿ ತುಂಬಿಸಿಡಿ.

ತಿಂಗಳಿಗೊಮ್ಮೆ ಏನೇನು ನೋಡಬೇಕು?

ಆಕ್ಸಲ್ ನಟ್ಟು, ಟಾರ್ಕ್ ಆರ್ಮಿನ ಬೋಲ್ಟ್. ಬ್ರೇಕ್ ರಬ್ಬರ್. ಸ್ಪೋಕ್‌ಗಳನ್ನು ಎರಡೆರಡಾಗಿ ಕೈಯಲ್ಲಿ ಹಿಂಡಿ ನೋಡಿ, ಸಡಿಲ ಇದ್ದದ್ದು ಗೊತ್ತಾಗುತ್ತದೆ. ಟಯರಿಗೆ ವಾರಕ್ಕೊಮ್ಮೆ ಹವಾ. ಕನೆಕ್ಟರ್ ಕರಗಿದ ಗುರುತಿದ್ದರೆ ಬದಲಿಸಿ. ಬ್ರಷ್ ಮೋಟಾರಿನವರು ಕಾರ್ಬನ್ ಬ್ರಷ್ ಎಷ್ಟು ಉಳಿದಿದೆ ಅಂತ ವರ್ಷಕ್ಕೊಮ್ಮೆ ನೋಡಿಸಿ. ಗೇರ್ ಹಬ್ ಕರ್ ಕರ್ ಅನ್ನುತ್ತಿದ್ದರೆ ಒಳಗೆ ಗ್ರೀಸ್ ಒಣಗಿದೆ.

ಯಾವ ದಾರಿ ಹಿಡಿಯಲಿ? ಚಿಗರಿ ಬಸ್ಸಿನ ಲೇನ್ ಖಾಲಿ ಇರುತ್ತದಲ್ಲ?

ಖಾಲಿ ಕಂಡರೂ ಅದು ಬಸ್ಸಿನದು. ಚಿಗರಿ ಬರುವ ವೇಗ ನಿಮ್ಮ ಕನ್ನಡಿಗೆ ಸಿಗುವುದಿಲ್ಲ. ಪಕ್ಕದ ರಸ್ತೆಯ ಎಡ ಅಂಚು ನಿಮ್ಮದು. ಗಬ್ಬೂರು-ನರೇಂದ್ರ ಬೈಪಾಸ್ ಕಡೆ ಹೋಗಲೇಬೇಡಿ, ಅದು ಲಾರಿಗಳ ದಾರಿ. ಹೆಲ್ಮೆಟ್ ಹಾಕಿ, ಕಾನೂನು ಕೇಳಲಿ ಬಿಡಲಿ. ಉಣಕಲ್ ದಾಟಿದ ಮೇಲೆ ಸಂಜೆ ಮಬ್ಬಿನಲ್ಲಿ ಹಿಂದಿನ ಕೆಂಪು ದೀಪ ಇಲ್ಲದೆ ಓಡಿಸಬೇಡಿ.

ಸತ್ತ ಬ್ಯಾಟರಿ ಗುಜರಿಗೆ ಹಾಕಬಹುದಾ?

ಸೀಸದ್ದನ್ನು ಬ್ಯಾಟರಿ ಅಂಗಡಿಯವರೇ ತೆಗೆದುಕೊಂಡು ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ. ಲಿಥಿಯಮ್ ಗುಜರಿಗೆ ಬೇಡ, ಅಲ್ಲಿ ಸುತ್ತಿಗೆಯಿಂದ ಒಡೆದರೆ ಹೊತ್ತಿಕೊಳ್ಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದ್ದು. ಎರಡೂ ತುದಿಗೆ ಟೇಪ್ ಸುತ್ತಿ, ಬಿಲ್ ಜೊತೆ ಕೊಂಡ ಕಡೆಗೇ ಮರಳಿಸಿ. ಹೊಸದು ಕೊಳ್ಳುವಾಗಲೇ "ಹಳೇದು ತಗೋತೀರಾ?" ಅಂತ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ.